ನಾಲ್ಕು ಜನದ ಮುಂದೆ ಕೇಳಬಾರದಂತೆ

2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ತಿಪಟೂರು ಮತ್ತು ಅರಸೀಕೆರೆ ನಡುವೆ. ಎಕ್ಸ್‌ಪ್ರೆಸ್ ರೈಲು ಶಿಳ್ಳೆ ಹಾಕಿಕೊಂಡು ಹೋಗುತ್ತದೆ, ನಿಲ್ಲುವುದಿಲ್ಲ. ಹಬ್ಬದ ಮಾರನೇ ದಿನ ಬೆಳಿಗ್ಗೆ ಅರಳಿಕಟ್ಟೆ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ನನ್ನ ಹಳೇ ಕ್ಲಾಸ್‌ಮೇಟ್ ಬುಲೆಟ್ಟಿನಲ್ಲಿ ಬಂದಿಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಗೆ ದಪ್ಪ ಕಡಗ, ಹಿಂದೆ ಇನ್ನೆರಡು ಬೈಕಿನಲ್ಲಿ ನಾಲ್ಕು ಹುಡುಗರು. ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನ ಸ್ಲೇಟು ಒಡೆದು ಹಾಕಿ ನಾನು ಮೇಷ್ಟ್ರ ಕೈಲಿ ಏಟು ತಿಂದಿದ್ದೇನೆ. ಹಾಗಾಗಿ ಹಿಂದೆ ಮುಂದೆ ನೋಡದೆ ಕೇಳಿಬಿಟ್ಟೆ: "ಲೋ, ಸಿಸ್ಟನ್‌ಗೆ ನೀರು ಬಂದು ಹನ್ನೆರಡು ದಿನ ಆಯ್ತಂತಲ್ಲೋ, ಏನ್ ಮಾಡ್ತಿದೀಯ?" ಸಿಸ್ಟನ್ ಅಂದರೆ ನಮ್ಮ ಕಡೆ ಊರ ನೀರಿನ ಟ್ಯಾಂಕು.

ಅವನು ನಕ್ಕ. ಹೆಗಲ ಮೇಲೆ ಕೈ ಹಾಕಿದ. "ಮಾಡ್ಸಣ, ಮಾಡ್ಸಣ" ಅಂದ. ಎಲ್ಲರ ಟೀ ದುಡ್ಡೂ ಅವನೇ ಕೊಟ್ಟು ಹೊರಟುಹೋದ. ಆ ಹುಡುಗರಲ್ಲಿ ಒಬ್ಬ ಮಾತ್ರ ಹಿಂದೆ ಉಳಿದು, ನನ್ನನ್ನು ಪಕ್ಕಕ್ಕೆ ಕರೆದು, ತುಂಬ ಮರ್ಯಾದೆಯಿಂದಲೇ ಹೇಳಿದ: "ಹಂಗೆಲ್ಲ ನಾಕು ಜನದ ಮುಂದೆ ಕೇಳ್ಬಾರ್ದು ಸಾರ್. ಅಣ್ಣಂಗೆ ಬೇಜಾರಾಗ್ತೈತೆ. ಏನಿದ್ರೂ ಸೈಡಿಗೆ ಕರ್ದು ಹೇಳಿ."

ಈ ಮಾತು ನನ್ನ ಜೊತೆ ಶಿರಾಡಿ ಘಾಟಿ ಇಳಿದು ಕಾಸರಗೋಡಿನವರೆಗೆ ಬಂತು. ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಸಿಸ್ಟನ್ ನೀರು ಎಲ್ಲರಿಗೂ ಬರಬೇಕಾದ್ದು, ಅದನ್ನು ಎಲ್ಲರ ಮುಂದೆ ಕೇಳಬಾರದಂತೆ. ಕೇಳಿದರೆ ಬೇಜಾರು ಆಗುವುದು ನೀರಿಲ್ಲದವರಿಗಲ್ಲ, ಅಣ್ಣನಿಗೆ!

ಊರ ಬಾಗಿಲಲ್ಲಿ ಅವನದೊಂದು ಫ್ಲೆಕ್ಸು ನಿಂತಿದೆ. ಹುಟ್ಟುಹಬ್ಬದ್ದು. ಹುಟ್ಟುಹಬ್ಬ ಆಗಿ ಎರಡು ತಿಂಗಳಾಯಿತು, ಫ್ಲೆಕ್ಸು ಹಾಗೇ ಇದೆ, ಒಂದು ಮೂಲೆ ಹರಿದು ಗಾಳಿಗೆ ಪಟಪಟ ಅನ್ನುತ್ತಿತ್ತು. ನಡುವೆ ಅವನು ಕೈಮುಗಿದು ನಿಂತಿದ್ದಾನೆ, ಆಳೆತ್ತರ. ಮೇಲೆ ದೊಡ್ಡ ನಾಯಕರ ಮುಖಗಳು, ಕೆಳಗೆ ಶುಭ ಕೋರುವ ಹುಡುಗರ ಪಾಸ್‌ಪೋರ್ಟ್ ಫೋಟೋಗಳು ಸಾಲಾಗಿ, ಅರ್ಧ ಜನ ಕೂಲಿಂಗ್ ಗ್ಲಾಸಿನಲ್ಲಿ. "ಬಡವರ ಬಂಧು, ಯುವಕರ ಕಣ್ಮಣಿ." ಇಷ್ಟೆಲ್ಲ ಇದ್ದ ಮೇಲೆ ನೀವು ಅವನನ್ನು ಪಂಚಾಯಿತಿ ಮೆಂಬರ್ ಅಂದುಕೊಳ್ಳುತ್ತೀರಿ. ಅಲ್ಲ. ಮೆಂಬರ್ ಅವನ ಹೆಂಡತಿ. ಸೀಟು ಮಹಿಳೆಗೆ ಬಂದಿತ್ತು, 2020ರ ಡಿಸೆಂಬರಿನಲ್ಲಿ ಆಕೆಯನ್ನು ನಿಲ್ಲಿಸಿ ಗೆದ್ದ. ಗೆದ್ದಳು ಅನ್ನಬೇಕು, ಆದರೆ ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಫ್ಲೆಕ್ಸಿನ ಬಲಗಡೆ ಮೂಲೆಯಲ್ಲಿ ಆಕೆಯ ಫೋಟೋವೂ ಇದೆ, ಅಂಚೆ ಚೀಟಿ ಗಾತ್ರದ್ದು. ಕೆಳಗೆ ಹೆಸರೂ ಇತ್ತೇನೋ, ಓದುವಷ್ಟು ದೊಡ್ಡದಿರಲಿಲ್ಲ.

ನಾನು ಕಾಸರಗೋಡಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೆಂಡತಿ ಇಲ್ಲಿನವಳೇ, ಪೆರ್ಲದ ಕಡೆಯವಳು. ಮನೆ ಇರುವುದು ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಇಳಿಜಾರಿನಲ್ಲಿ. ಬಂದ ಹೊಸತರಲ್ಲಿ ಇಲ್ಲಿನವರ ಮಾತಿನ ರೀತಿ ನನಗೆ ಒರಟು ಅನ್ನಿಸುತ್ತಿತ್ತು. ಯಾರಿಗೂ ಯಾರ ಹೆದರಿಕೆಯೂ ಇಲ್ಲ. ಬಸ್ ಕಂಡಕ್ಟರಿಗೂ ಬೈಯುತ್ತಾರೆ, ವಿಲೇಜ್ ಆಫೀಸಿನಲ್ಲೂ ಜೋರು ಮಾಡುತ್ತಾರೆ, ಪಂಚಾಯತ್ ಮೆಂಬರನ್ನಂತೂ ಕೇಳಲೇಬೇಡಿ.

ನಮ್ಮ ವಾರ್ಡಿನ ಮೆಂಬರ್ ಒಬ್ಬ ಹೆಂಗಸು. ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಮೆಂಬರ್ ಆದ ಮೇಲೂ ಕಟ್ಟುವುದು ಬಿಟ್ಟಿಲ್ಲ. ನಮ್ಮ ಮನೆ ನಂಬರಿನದೊಂದು ಗೊಂದಲ ಇತ್ತು, ಅದಕ್ಕೆ ಮೊದಲ ಸಲ ಅವರ ಮನೆಗೆ ಹೋದಾಗ ಜಗಲಿಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಒಂದು ಕಡೆ ಹೊಗೆಸೊಪ್ಪು. ನನ್ನ ಮುಖ ನೋಡಿ ಮಾತಾಡುತ್ತಿದ್ದರು, ಬೆರಳು ತನ್ನಷ್ಟಕ್ಕೆ ಸುರುಳಿ ಸುತ್ತಿ ತುದಿ ಮಡಚಿ ನೂಲು ಕಟ್ಟುತ್ತಿತ್ತು. ನಾನು ಹೇಳಿ ಮುಗಿಸುವಷ್ಟರಲ್ಲಿ ಏಳೆಂಟು ಬೀಡಿ ಆಗಿತ್ತು. ಕೈ ಸೆರಗಿಗೆ ಒರೆಸಿಕೊಂಡು ಅರ್ಜಿ ತೆಗೆದುಕೊಂಡರು. ಅರ್ಜಿಯ ಅಂಚಿನಲ್ಲಿ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು ಬಿತ್ತು. "ಸೋಮವಾರ ನಾನು ಪಂಚಾಯತಿಗೆ ಹೋಗ್ಲಿಕ್ಕುಂಟು ಭಾವ, ನೀವು ಬರ್ಬೇಕು ಅಂತ ಇಲ್ಲ" ಅಂದರು. ಬುಧವಾರ ಕಾಗದ ಮನೆಗೆ ಬಂತು. ನಾನು ಹಣ್ಣು ಕೊಂಡು ಹೋಗಿ ಥ್ಯಾಂಕ್ಸ್ ಹೇಳಬೇಕು ಅಂತಿದ್ದೆ. ಹೆಂಡತಿ ನಕ್ಕಳು. "ಅವಳ ಕೆಲಸ ಅದು. ಹಣ್ಣು ಕೊಂಡೋದ್ರೆ ಅವಳಿಗೇ ನಾಚಿಕೆ ಆದೀತು."

ಹೋದ ಆಟಿ ತಿಂಗಳ ಮಳೆಯಲ್ಲಿ ನಮ್ಮ ದಾರಿಯ ಮೋರಿ ಕಟ್ಟಿಕೊಂಡಿತು. ಗುಡ್ಡದ ನೀರೆಲ್ಲ ರಸ್ತೆ ಮೇಲೆ, ಅಲ್ಲಿಂದ ಪಕ್ಕದ ಮನೆ ಅಜ್ಜಿಯ ಅಂಗಳಕ್ಕೆ. ಬೆಳಿಗ್ಗೆ ಆರೂವರೆ. ಅಜ್ಜಿ ಫೋನ್ ಮಾಡಿದ್ದು ಪಂಚಾಯತ್ ಆಫೀಸಿಗಲ್ಲ, ಸೀದಾ ಮೆಂಬರಿಗೆ. ಹತ್ತು ನಿಮಿಷಕ್ಕೆ ಬಂದರು. ನೈಟಿ ಮೇಲೆ ಒಂದು ಬೈರಾಸು ಹೊದ್ದುಕೊಂಡು, ತಲೆಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಸ್ಕೂಟಿಯ ಮುಂದೆ ಹಾರೆ ಅಡ್ಡ ಇಟ್ಟುಕೊಂಡು. ಅಜ್ಜಿ ಮೆಟ್ಟಿಲ ಮೇಲೆ ನಿಂತು ಶುರು ಮಾಡಿದರು ನೋಡಿ. ವೋಟು ಕೇಳಲಿಕ್ಕೆ ಬರುವಾಗ ನಿನಗೆ ಈ ದಾರಿ ಕಂಡಿತ್ತಲ್ಲ, ಈಗ ಯಾಕೆ ಕಾಣುದಿಲ್ಲ, ಮಳೆಗಾಲಕ್ಕೆ ಮೊದಲೇ ಮೋರಿ ತೆಗೆಸು ಅಂತ ನಾನು ಎಷ್ಟು ಸಲ ಹೇಳಿದ್ದು, ನಿನ್ನ ಅಪ್ಪನಿಗೆ ಇದ್ದ ಬುದ್ಧಿ ನಿನಗಿಲ್ಲ. ಅಪ್ಪನವರೆಗೂ ಹೋಯಿತು! ದಾರಿಯಲ್ಲಿ ನಾವು ಐದಾರು ಜನ ನಿಂತಿದ್ದೇವೆ. ಹಾಲು ತರಲು ಹೊರಟವರು, ರಬ್ಬರ್ ಟ್ಯಾಪಿಂಗಿಗೆ ರಜೆ ಸಿಕ್ಕಿದವರು. ನಾಲ್ಕು ಜನಕ್ಕಿಂತ ಜಾಸ್ತಿಯೇ.

ಮೆಂಬರ್ ಮೋರಿಯ ಬಾಯಿಗೆ ಬಗ್ಗಿ ನೋಡುತ್ತಿದ್ದರು. ಅಲ್ಲಿಂದಲೇ ಕೂಗಿದರು: "ಅಜ್ಜೀ, ಬೈದದ್ದು ಆಯ್ತಾ? ಇನ್ನು ಇದ್ರೆ ಆಮೇಲೆ ಬೈಯಿರಿ. ಈಗ ಒಂದು ಬಾಲ್ದಿ ಕೊಡಿ." ಆಮೇಲೆ ನಮ್ಮ ಕಡೆ ತಿರುಗಿ, "ನಿಮಗೆ ನಾಟಕವಾ ಮಾರಾಯ್ರೆ? ಬನ್ನಿ, ಒಬ್ಬರು ಆ ಕಡೆಯಿಂದ ದೂಡಿ." ಮೋರಿಯಿಂದ ಬಂದದ್ದು ತೆಂಗಿನ ಮಡಲು, ಅಡಿಕೆ ಹಾಳೆ, ಎರಡು ಗೊಬ್ಬರದ ಚೀಲ, ಒಂದು ಮಗುವಿನ ಚಪ್ಪಲಿ. ಚೀಲದಲ್ಲಿ ಒಂದು ಅಜ್ಜಿಯ ಮನೆಯದೇ ಅಂತ ಎಲ್ಲರಿಗೂ ಗೊತ್ತಾಯಿತು. ಮೆಂಬರಿಗೂ ಗೊತ್ತಾಯಿತು. ಏನೂ ಹೇಳಲಿಲ್ಲ. ಅಜ್ಜಿ ಎಲ್ಲರಿಗೂ ಹಾಲಿಲ್ಲದ ಕಣ್ಣಚಾಯ ಮಾಡಿಕೊಟ್ಟರು.

ಇದನ್ನು ನಾನು ಊರಲ್ಲಿ ಹೇಳಿದರೆ ನಂಬುವುದಿಲ್ಲ. ನಮ್ಮ ಚಿಕ್ಕಪ್ಪ ಕೇಳಿ, "ಅಂಗಾದ್ರೆ ಆವಮ್ಮಂಗೆ ಯಾರೂ ಬೆಲೆ ಕೊಡಲ್ಲ ಅನ್ನು" ಅಂದರು. ಎಡವಟ್ಟು ಇರುವುದೇ ಇಲ್ಲಿ. ನಮ್ಮ ಕಡೆ ಬೆಲೆ ಅಂದರೆ ಎದ್ದು ನಿಲ್ಲುವುದು, ಹಾರ ಹಾಕುವುದು, ಹೆಸರು ಹಿಡಿಯದೆ ಅಣ್ಣ ಅನ್ನುವುದು, ಜೆಸಿಬಿ ಬಕೆಟ್ಟಿನಲ್ಲಿ ನಿಂತು ಹೂವು ಸುರಿಯುವುದು. ಎಷ್ಟು ದೊಡ್ಡ ಸೇಬಿನ ಹಾರ, ಅಷ್ಟು ದೊಡ್ಡ ಲೀಡರು. ಹಾರವನ್ನು ಕ್ರೇನಿನಲ್ಲಿ ಎತ್ತಬೇಕಾಗಿ ಬಂದರೆ ಟಿಕೆಟ್ ಗ್ಯಾರಂಟಿ. ಆ ಹಾರ ಹಾಕಿಸಿಕೊಂಡವನ ಹತ್ತಿರ ಹೋಗಿ ಮೋರಿ ಕಟ್ಟಿಕೊಂಡಿದೆ ಅಂತ ಹೇಳುವುದು ಹೇಗೆ? ಮನಸ್ಸು ಬರುವುದಿಲ್ಲ. ನಾವೇ ಅವನನ್ನು ಎತ್ತರಕ್ಕೆ ಏರಿಸಿ, ಆಮೇಲೆ ಕೈಗೆ ಸಿಗುವುದಿಲ್ಲ ಅಂತ ಗೊಣಗುತ್ತೇವೆ.

ನನ್ನ ಅನಿಸಿಕೆ ಇಷ್ಟೇ. ಒಳ್ಳೇ ಲೀಡರ್ ಅಂದರೆ ಬೈಯಲು ಕೈಗೆ ಸಿಗುವವರು. ಭಾಷಣ, ದೂರದೃಷ್ಟಿ, ವರ್ಚಸ್ಸು ಇವೆಲ್ಲ ಆಮೇಲೆ. ಬೈದಾಗ ಅಲ್ಲೇ ನಿಂತಿರಬೇಕು, ಬೈದವರ ಮೇಲೆ ಹಗೆ ಇಟ್ಟುಕೊಳ್ಳಬಾರದು, ಬೈಯುವುದು ಮುಗಿದ ಮೇಲೆ ಬಾಲ್ದಿ ಕೇಳಬೇಕು.

ಇಲ್ಲಿ ಬೈಯಲಿಕ್ಕೆ ಕಾನೂನೇ ಜಾಗ ಮಾಡಿಕೊಟ್ಟಿದೆ. ಅದು ಗ್ರಾಮಸಭೆ. ಕೇರಳದಲ್ಲಿ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ, ಮೂರು ತಿಂಗಳಿಗೊಮ್ಮೆ ಸೇರಬೇಕು, ಮೆಂಬರೇ ಕರೆಯಬೇಕು, ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ ಬರಬೇಕು. ಸತತ ಎರಡು ಸಲ ಕರೆಯದಿದ್ದರೆ ಮೆಂಬರ್ ಸ್ಥಾನವೇ ಹೋಗುತ್ತದೆ. ಹಾಗಾಗಿ ಜನ ಬರದಿದ್ದರೆ ಮೆಂಬರಿಗೇ ಗಾಬರಿ. ಹಿಂದಿನ ದಿನ ಮನೆ ಮನೆಗೆ ಫೋನ್, "ಭಾವ, ನಾಳೆ ಎರಡೂವರೆಗೆ ಅಂಗನವಾಡಿಗೆ ಬನ್ನಿ, ಅಕ್ಕನನ್ನೂ ಕರ್ಕೊಂಡು ಬನ್ನಿ, ಕೋರಂ ಆಗ್ಬೇಕು."

ಮೊದಲ ಸಲ ಹೋದಾಗ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಅಲ್ಲಿ ವೇದಿಕೆಯೇ ಇಲ್ಲ. ಅಂಗನವಾಡಿಯ ಪುಟಾಣಿ ಕುರ್ಚಿಗಳನ್ನು ಮೂಲೆಗೆ ಒಟ್ಟಿ, ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮೆಂಬರಿಗೂ ಅದೇ ಕುರ್ಚಿ. ಸ್ವಾಗತಕ್ಕೆ ಒಂದು ನಿಮಿಷ. ಹಾರ ಇಲ್ಲ, ಶಾಲು ಇಲ್ಲ, ದೀಪ ಹಚ್ಚಲು ಬೆಂಕಿಪೊಟ್ಟಣ ಹುಡುಕುವ ಗಡಿಬಿಡಿ ಇಲ್ಲ. ಕುಟುಂಬಶ್ರೀ ಅನ್ನುವ ಸ್ವಸಹಾಯ ಸಂಘದ ಒಬ್ಬ ಹೆಂಗಸು ಹೋದ ವರ್ಷ ಏನೇನು ಆಗಬೇಕಿತ್ತು, ಏನು ಆಯಿತು ಅಂತ ಓದಿದರು. ಆಗದ್ದನ್ನು ಓದುವಾಗ ಹಿಂದಿನ ಸಾಲಿನಿಂದ "ಯಾಕೆ?" ಅಂತ ಒಂದು ಕೂಗು. ದಾರಿದೀಪದ ಬಗ್ಗೆ ಇಪ್ಪತ್ತು ನಿಮಿಷ ಜಗಳ. ಆಡು ಸಾಕಲು ಸಹಾಯ ಯಾರಿಗೆ ಕೊಡಬೇಕು ಅನ್ನುವುದಕ್ಕೆ ಇನ್ನೊಂದು ಜಗಳ. ಪಟ್ಟಿಯಲ್ಲಿದ್ದ ಒಬ್ಬರ ಹೆಸರು ಬಂದಾಗ ಅವರ ಅತ್ತಿಗೆಯೇ ಎದ್ದು, "ಅವಳಿಗೆ ಹೋದ ಸಲವೂ ಸಿಕ್ಕಿದೆ" ಅಂದರು. ಹೆಸರು ಹೊಡೆದು ಹಾಕಿದರು, ಎಲ್ಲರ ಎದುರಿಗೇ. ಕೊನೆಗೆ ಚಹಾ, ಪರಿಪ್ಪುವಡೆ. ಜಗಳ ಆಡಿದವರು ಪಕ್ಕಪಕ್ಕ ಕೂತು ತಿಂದರು.

ಇದೆಲ್ಲ ಆಕಾಶದಿಂದ ಬಿದ್ದದ್ದಲ್ಲ. 1996ರಲ್ಲಿ ಜನಕೀಯಾಸೂತ್ರಣಂ, ಅಂದರೆ ಜನರೇ ಯೋಜನೆ ಮಾಡುವುದು, ಅಂತ ಶುರುವಾಯಿತು, ರಾಜ್ಯದ ಯೋಜನೆಯ ಹಣದಲ್ಲಿ ನೂರಕ್ಕೆ ಮೂವತ್ತೈದರಿಂದ ನಲವತ್ತು ಪಾಲು ಪಂಚಾಯತು, ನಗರಸಭೆಗಳಿಗೆ ಅಂತ ಆಯಿತು. ಕೈಯಲ್ಲಿ ದುಡ್ಡು ಇದ್ದರೆ ತಾನೇ ಜನ ಬಂದು ಕೇಳುವುದು? 1998ರಲ್ಲಿ ಕುಟುಂಬಶ್ರೀ ಬಂತು. ಅಯಲ್ಕೂಟ ಅಂದರೆ ನೆರೆಕರೆಯ ಕೂಟ, ಅದರಲ್ಲಿ ವಾರಕ್ಕೊಮ್ಮೆ ಹತ್ತಿಪ್ಪತ್ತು ಹೆಂಗಸರು ಸೇರಿ ಲೆಕ್ಕ ಬರೆದು, ಸಾಲ ಕೊಟ್ಟು, ವಸೂಲಿ ಮಾಡಿ, ಜಗಳ ಬಿಡಿಸಿ ಕಲಿತರು. ನಮ್ಮ ಮೆಂಬರೂ ಅಲ್ಲಿಂದ ಬಂದವರೇ. 2020ರ ಲಾಕ್‌ಡೌನಿನಲ್ಲಿ ಪಂಚಾಯತಿನ ಸಾಮೂಹಿಕ ಅಡುಗೆಮನೆಯಲ್ಲಿ ಅನ್ನ ಬಸಿದು, ಪೊಟ್ಟಣ ಕಟ್ಟಿ, ಮನೆ ಮನೆಗೆ ಕೊಟ್ಟು ಬಂದವರು. ಅದೇ ವರ್ಷ ಡಿಸೆಂಬರಿನಲ್ಲಿ ಚುನಾವಣೆ. ಅವರಿಗೆ ಟಿಕೆಟ್ ಕೊಡುವಾಗ ಪಾರ್ಟಿಯವರು ಜಾಸ್ತಿ ಯೋಚನೆ ಮಾಡಿರಲಿಕ್ಕಿಲ್ಲ. ಅಂದರೆ ನಮ್ಮೂರ ಮೆಂಬರೂ ಇವರೂ ಗೆದ್ದದ್ದು ಒಂದೇ ತಿಂಗಳಲ್ಲಿ. ಅಲ್ಲಿ ಪಾರ್ಟಿಯ ಚಿಹ್ನೆ ಇಲ್ಲದೆ, ಇಲ್ಲಿ ಪಾರ್ಟಿಯ ಚಿಹ್ನೆಯಲ್ಲಿ.

ಆ ಲಾಕ್‌ಡೌನ್ ಹೊತ್ತಿಗೇ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು. ಹೆರಿಗೆಗೂ ಹಾರ್ಟಿಗೂ ಡಯಾಲಿಸಿಸ್ಸಿಗೂ ಮಂಗಳೂರನ್ನೇ ನಂಬಿದ ಜಿಲ್ಲೆ ಇದು. ರಸ್ತೆಗೆ ಮಣ್ಣು ಸುರಿದಿದ್ದರು. ಆ ವಾರ ನಾನು ಎಲ್ಲೂ ಕರ್ನಾಟಕದವನು ಅಂತ ಹೇಳಿಕೊಳ್ಳಲಿಲ್ಲ. ಯಾರೂ ಕೇಳಲೂ ಇಲ್ಲ, ಅದು ಅವರ ದೊಡ್ಡತನ.

ನಮ್ಮ ಕಡೆ ಗ್ರಾಮಸಭೆ ಇಲ್ಲ ಅಂತಲ್ಲ. ಕಾನೂನಿನಲ್ಲಿದೆ, ವಾರ್ಡ್ ಸಭೆಯೂ ಇದೆ, ಆರು ತಿಂಗಳಿಗೊಮ್ಮೆ ಅಂತ. ನಮ್ಮೂರಲ್ಲಿ ಕೊನೇ ಸಲ ಯಾವಾಗ ಆಯಿತು ಅಂತ ನಾಲ್ಕೈದು ಜನರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು, "ಆಗೈತಲ್ಲ, ಪುಸ್ತಕ ತಂದಿದ್ರು, ಸೈನ್ ಹಾಕ್ದೆ" ಅಂದರು. ಇನ್ನೊಂದು ತೊಡಕೂ ಇದೆ. ಇಲ್ಲಿ ಒಂದು ವಾರ್ಡಿಗೆ ಒಬ್ಬರೇ ಮೆಂಬರ್. ಮೋರಿ ಕಟ್ಟಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಅಜ್ಜಿಗೂ ಗೊತ್ತು. ನಮ್ಮೂರಿಗೆ ಮೂರು ಜನ ಮೆಂಬರ್ರು. ಸಿಸ್ಟನ್ ವಿಷಯ ಎತ್ತಿದರೆ ಮೊದಲನೆಯವರು ಎರಡನೆಯವರ ಕಡೆ, ಎರಡನೆಯವರು ಮೂರನೆಯವರ ಕಡೆ, ಮೂವರೂ ಸೇರಿ ಪಂಚಾಯಿತಿ ಅಧಿಕಾರಿ ಪಿಡಿಒ ಕಡೆ, ಪಿಡಿಒ ನೀರುಗಂಟಿ ಕಡೆ ಬೆರಳು ತೋರಿಸುತ್ತಾರೆ. ನೀರುಗಂಟಿ ಪಾಪ ಆಕಾಶದ ಕಡೆ ತೋರಿಸುತ್ತಾನೆ. ಬೈಯಬೇಕು ಅಂದರೂ ವಿಳಾಸ ಇಲ್ಲ.

ನಮ್ಮ ಮಂಡಿಗೆ ಬರುವ ಹಳೇ ಕೃಷಿಕರ ಹತ್ತಿರ ಲೀಡರ್ ಅಂದರೆ ಯಾರು ಅಂತ ಕೇಳಿ ನೋಡಿ. ಮಂತ್ರಿಗಳ ಹೆಸರು ಬರುವುದಿಲ್ಲ. ವಾರಣಾಶಿ ಸುಬ್ರಾಯ ಭಟ್ಟರು ಅನ್ನುತ್ತಾರೆ. ಅಡಿಕೆ ಧಾರಣೆ ಬಿದ್ದು ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಎರಡೂ ರಾಜ್ಯದ ಬೆಳೆಗಾರರನ್ನು ಸೇರಿಸಿ 1973ರಲ್ಲಿ ಕ್ಯಾಂಪ್ಕೋ ಸಹಕಾರ ಸಂಘ ಕಟ್ಟಿದವರು, ಅದರ ಮೊದಲ ಅಧ್ಯಕ್ಷರು. ಆಮೇಲೆ ಕೊಕ್ಕೋ ಕೇಳುವವರಿಲ್ಲದೆ ಹೋದಾಗ ಅದನ್ನೂ ಕೊಂಡರು, 1986ಕ್ಕೆ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿ. ಒಬ್ಬ ಅಜ್ಜ ಹೇಳಿದ್ದು ನೆನಪಿದೆ: "ಅಡಿಕೆಗೆ ಗಡಿ ಗೊತ್ತಿಲ್ಲ ಅಂತ ಅವರಿಗೆ ಗೊತ್ತಿತ್ತು." ಹಾಗೆಯೇ ಕಯ್ಯಾರ ಕಿಞ್ಞಣ್ಣ ರೈಗಳು. ಕಾಸರಗೋಡು ಕನ್ನಡದ್ದು ಅಂತ ಜೀವಮಾನವಿಡೀ ಹೋರಾಡಿದ ಕವಿ, ಇದೇ ಬದಿಯಡ್ಕ ಪಂಚಾಯತಿಗೆ ಅಧ್ಯಕ್ಷರೂ ಆಗಿದ್ದವರು. 2015ರಲ್ಲಿ ನೂರು ತುಂಬಿಸಿ ಹೋದರು. ಅಂಥವರೂ ಮೋರಿ, ಕಾಲುದಾರಿ, ಬಾವಿಕಟ್ಟೆಯ ದೂರು ಕೇಳಿಯೇ ಆ ಕುರ್ಚಿಯಲ್ಲಿ ಕೂತಿರಬೇಕಲ್ವಾ. ಪದ್ಯ ಬರೆದಿದ್ದೀರಿ ಅಂತ ಯಾರೂ ಬಿಟ್ಟಿರಲಿಕ್ಕಿಲ್ಲ.

ಇಷ್ಟು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳಿಗೆ ಖುಷಿ ಆಗುತ್ತದೆ ಅಂತ. ಅವಳು ತರಕಾರಿ ಹೆಚ್ಚುತ್ತಾ, "ನಿಮಗೆ ಇಲ್ಲಿನ ಹುಳುಕು ಕಾಣುದಿಲ್ಲ, ಯಾಕೆಂದ್ರೆ ನೀವು ಇನ್ನೂ ಗೆಸ್ಟು" ಅಂದಳು. ಹದಿನಾಲ್ಕು ವರ್ಷ ಆದ ಮೇಲೂ!

ಸರಿ, ಹುಳುಕು ಹೇಳುತ್ತೇನೆ. ಇಲ್ಲಿ ಪಾರ್ಟಿ ಇಲ್ಲದೆ ಎಲೆಯೂ ಅಲ್ಲಾಡುವುದಿಲ್ಲ. ಕರೆಂಟ್ ಕಂಬಕ್ಕೆ ಒಂದು ಪಾರ್ಟಿಯ ಬಣ್ಣ, ಬಸ್ ಸ್ಟ್ಯಾಂಡಿಗೆ ಇನ್ನೊಂದರದ್ದು, ಮೋರಿಯ ಗೋಡೆಗೂ ಬಳಿದಿದ್ದಾರೆ. ಮದುವೆ ಕರೆಯೋಲೆ ಕೊಡುವಾಗಲೂ ಯಾವ ಮನೆ ಯಾವ ಪಾರ್ಟಿ ಅಂತ ಲೆಕ್ಕ ಇರುತ್ತದೆ. ನಮ್ಮ ಮೆಂಬರ್ ಅಜ್ಜಿಯ ಬೈಗುಳಕ್ಕೆ ಹೆದರುವುದಿಲ್ಲ, ಪಾರ್ಟಿಯ ಲೋಕಲ್ ನಾಯಕರಿಗೆ ಹೆದರುತ್ತಾರೆ. ಒಬ್ಬ ಮುದುಕರ ಮನೆ ರಿಪೇರಿ ವಿಷಯದಲ್ಲಿ ಎಂಟು ತಿಂಗಳು ಅವರು ಏನೂ ಮಾಡಲಾಗಲಿಲ್ಲ, ಆ ಮುದುಕರ ಮಗ ಬೇರೆ ಪಾರ್ಟಿಗೆ ಬ್ಯಾನರ್ ಕಟ್ಟಿದ್ದ ಅನ್ನುವ ಒಂದೇ ಕಾರಣಕ್ಕೆ. ಆ ದಿನ ಜಗಲಿಯಲ್ಲಿ ಬೀಡಿ ಕಟ್ಟುತ್ತಾ, "ನಂಗೆ ಹೇಳ್ಲಿಕ್ಕೆ ಇರುವುದು ಇಷ್ಟೇ ಭಾವ" ಅಂತ ತಲೆ ಎತ್ತದೆ ಹೇಳಿದರು. ನಮ್ಮೂರಲ್ಲಾದರೆ ಅಣ್ಣ ಒಂದು ಫೋನ್ ಮಾಡಿ ಮುಗಿಸಿಬಿಡುತ್ತಿದ್ದ, ಸುಮ್ನೆ ಹೇಳಬಾರದು.

ಭಾಷೆಯ ಸಂಕಟ ಬೇರೆ. ಗ್ರಾಮಸಭೆಯ ನೋಟೀಸು ಮಲಯಾಳದಲ್ಲಿ, ಅರ್ಜಿ ಮಲಯಾಳದಲ್ಲಿ, ಪಟ್ಟಿಯಲ್ಲಿ ನನ್ನ ಹೆಸರೂ ಮಲಯಾಳದಲ್ಲಿ. ಜಗಳ ಮಾತ್ರ ಕನ್ನಡ, ತುಳು, ಮಲಯಾಳ ಮೂರರಲ್ಲೂ ಆಗುತ್ತದೆ, ಬರೆದುಕೊಳ್ಳುವುದು ಒಂದರಲ್ಲೇ. ಪಕ್ಕದ ಮನೆ ಅಜ್ಜಿ ತನಗೆ ಬಂದ ಕಾಗದವನ್ನು ಮೊಮ್ಮಗಳಿಂದ ಓದಿಸಿಕೊಳ್ಳುತ್ತಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಿಂದ ಆ ಮನೆ ನಿಂತಲ್ಲೇ ಇದೆ, ಕಾಗದದ ಲಿಪಿ ಬದಲಾಗಿದೆ. ಆ ದಿನವನ್ನು ಘಟ್ಟದ ಮೇಲೆ ರಾಜ್ಯೋತ್ಸವ ಅನ್ನುತ್ತಾರೆ, ತಿರುವನಂತಪುರದಲ್ಲಿ ಕೇರಳ ಪಿರವಿ ಅನ್ನುತ್ತಾರೆ. ಅಜ್ಜಿ ಏನೂ ಅನ್ನುವುದಿಲ್ಲ. 2021ರಲ್ಲಿ ಮಂಜೇಶ್ವರದ ಎಂಎಲ್‌ಎ ಎ.ಕೆ.ಎಂ. ಅಶ್ರಫ್ ಅಲ್ಲಿನ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ನಮ್ಮ ಮಂಡಿಯಲ್ಲಿ ಎಲ್ಲ ಪಾರ್ಟಿಯವರೂ ಒಂದೇ ಮೊಬೈಲಿಗೆ ಬಗ್ಗಿ ನೋಡಿದ್ದರು. ಬೆಂಗಳೂರಿನಿಂದ ಬರುವ ಕನ್ನಡದ ಅಭಿಮಾನಿಗಳು ಮಾತ್ರ ವರ್ಷಕ್ಕೊಮ್ಮೆ ಬಂದು, ಶಾಲು ಹೊದೆಸಿ, ಗಂಟಲು ಹರಿಯುವ ಹಾಗೆ ಕೂಗಿ, ಸಂಜೆ ಬಸ್ಸಿಗೆ ವಾಪಸ್ಸು.

ಇನ್ನೂ ಒಂದು. ಪಂಚಾಯಿತಿ ಅಂದರೆ ಏನು ಅಂತ ಬೇರೆಯವರಿಗೆ ಪಾಠ ಹೇಳಿದ ರಾಜ್ಯ ನಮ್ಮದೇ ಆಗಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿ ಅಬ್ದುಲ್ ನಜೀರ್ ಸಾಬ್ ಇದ್ದರು. 1983ರ ಕಾಯ್ದೆ, 1987ರ ಚುನಾವಣೆ, ಅದರಲ್ಲಿ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸೀಟು. ಆಗ ಕೇರಳದ ಜನಕೀಯಾಸೂತ್ರಣಂ ಇನ್ನೂ ಹುಟ್ಟಿರಲಿಲ್ಲ. ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅನ್ನಿಸಿಕೊಂಡವರು ಅವರು. ನಮ್ಮ ಅಜ್ಜಿ ಆ ಬೋರಿಂಗಿನ ಹಿಡಿ ಒತ್ತುವಾಗಲೆಲ್ಲ ಅವರ ಹೆಸರು ಹೇಳುತ್ತಿದ್ದರು. ಅವರಿಗೆ ಯಾರೂ ಫ್ಲೆಕ್ಸು ಹಾಕಿರಲಿಲ್ಲ, ಆಗ ಫ್ಲೆಕ್ಸು ಇರಲೂ ಇಲ್ಲ. ಅಂಥ ಕಡೆ ಹುಟ್ಟಿ ನಾನು ಕಾಸರಗೋಡಿನ ಅಂಗನವಾಡಿಗೆ ಬಂದು ಬಾಯಿ ಬಿಟ್ಟುಕೊಂಡು ಕೂತಿದ್ದೇನೆ.

ಮುಂದಿನದನ್ನು ಬರೆಯದೇ ಮುಗಿಸೋಣ ಅಂತಿದ್ದೆ. ಹೆಂಡತಿ ಬಿಡಲಿಲ್ಲ.

2021ರ ಮೇ ತಿಂಗಳಲ್ಲಿ ನಮ್ಮಪ್ಪ ತೀರಿಕೊಂಡರು. ಎರಡನೇ ಅಲೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ, ರಾತ್ರಿ ಎರಡು ಗಂಟೆಗೆ. ನನಗೂ ಪಾಸಿಟಿವ್ ಬಂದು ಇಲ್ಲಿ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಮಲಗಿದ್ದೆ. ಗಡಿ ದಾಟುವ ಮಾತೇ ಇರಲಿಲ್ಲ. ಅಮ್ಮ ಒಬ್ಬರೇ ಮನೆಯಲ್ಲಿ. ನೆಂಟರು ಫೋನಿನಲ್ಲಿ ಅತ್ತರು, ಬರಲಿಲ್ಲ. ಅವರನ್ನೂ ತಪ್ಪು ಅನ್ನಲಾರೆ. ಬೆಳಗಿನ ಜಾವ ಆಂಬುಲೆನ್ಸಿನ ಹಿಂದೆ ಹೋಗಿ, ಸಹಿ ಹಾಕಿ, ಆ ಪ್ಲಾಸ್ಟಿಕ್ ಉಡುಪು ತೊಟ್ಟುಕೊಂಡು, ಸೌದೆ ಹೊಂದಿಸಿ, ನನ್ನ ಬದಲು ಅಪ್ಪನಿಗೆ ಬೆಂಕಿ ಇಟ್ಟವನು ಇದೇ ಬುಲೆಟ್ಟಿನವನು. ಅವನ ಜೊತೆ ಇದ್ದವರು ಇದೇ ಹುಡುಗರು, ಸೈಡಿಗೆ ಕರೆದು ಹೇಳಿ ಅಂದವನೂ ಇದ್ದ. ವಿಡಿಯೋ ಕಾಲ್ ಮಾಡಿ ಫೋನನ್ನು ಎತ್ತಿ ಹಿಡಿದು, "ನೋಡ್ಕಳಲೇ, ಸರಿಯಾಗಿ ನೋಡ್ಕ" ಅಂದ. ಮೂರು ದಿನ ಅಮ್ಮನಿಗೆ ಊಟ ಅವನ ಮನೆಯಿಂದ ಬಂತು. ಆಮೇಲೆ ದುಡ್ಡಿನ ಮಾತು ಎತ್ತಿದ್ದಕ್ಕೆ ನನಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಆ ತಿಂಗಳು ಅವನು ಹಾಗೆ ಮಾಡಿದ್ದು ಹನ್ನೊಂದು ಮನೆಗೆ. ಎಲ್ಲ ಜಾತಿಗೂ.

ಇದನ್ನು ಎಲ್ಲಿ ಇಡಬೇಕು ಅಂತ ನನಗೆ ಗೊತ್ತಾಗುತ್ತಿಲ್ಲ. ನಮ್ಮ ವಾರ್ಡಿನ ಮೆಂಬರನ್ನು ನಾನು ಮೋರಿಗೆ ಕರೆಯುತ್ತೇನೆ, ಇಂಥದ್ದಕ್ಕೆ ಕರೆಯುತ್ತಿದ್ದೆನೋ ಇಲ್ಲವೋ. ಅವನನ್ನು ಇಂಥದ್ದಕ್ಕೆ ಕರೆಯಬಹುದು, ಸಿಸ್ಟನ್ ನೀರಿಗೆ ಕರೆಯುವ ಹಾಗಿಲ್ಲ. ಆದರೂ ನೀರು ಬೇಕಲ್ಲ. ಅಪ್ಪನಿಗೆ ಬೆಂಕಿ ಇಟ್ಟವನು ಅಂತ ಅಮ್ಮ ಹನ್ನೆರಡು ದಿನ ಪಕ್ಕದ ತೋಟದಿಂದ ಕೊಡ ಹೊತ್ತು ತರಬೇಕಾ? ನಾನು ಕೇಳಿದ್ದು ತಪ್ಪಲ್ಲ ಅಂತ ಈಗಲೂ ಅನ್ನಿಸುತ್ತದೆ. "ಲೋ" ಅಂ‍ದದ್ದು ಸ್ವಲ್ಪ ಜಾಸ್ತಿ ಆಯಿತೇನೋ.

ಇಲ್ಲಿ 2025ರ ಡಿಸೆಂಬರಿಗೆ ಮತ್ತೆ ಚುನಾವಣೆ ಇತ್ತು. ನಮ್ಮ ವಾರ್ಡು ಆ ಸಲ ಜನರಲ್ ಆಗಿತ್ತು, ಹಾಗಾಗಿ ಮೆಂಬರಿಗೆ ಟಿಕೆಟ್ ಸಿಗುವುದು ಅನುಮಾನವಿತ್ತು. ಕೇಳಿದ್ದಕ್ಕೆ, "ಸಿಗದಿದ್ರೆ ದಿನಕ್ಕೆ ಇನ್ನೂ ಇನ್ನೂರು ಬೀಡಿ ಕಟ್ಟಬಹುದು" ಅಂದರು. ಅಜ್ಜಿಗೆ ಈ ವಿಷಯ ಆಗಿನ್ನೂ ಯಾರೂ ಹೇಳಿರಲಿಲ್ಲ.

ಹಬ್ಬ ಆದ ಮೇಲೆ ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿಕೊಂಡು ಕ್ಲಾಸ್‌ಮೇಟಿಗೆ ಫೋನ್ ಮಾಡಿದೆ. ಕ್ಷಮೆ ಕೇಳಬೇಕೋ, ಸಿಸ್ಟನ್ ಬಗ್ಗೆ ಮತ್ತೆ ಕೇಳಬೇಕೋ ಅಂತ ತೀರ್ಮಾನ ಆಗಿರಲಿಲ್ಲ. ಫೋನ್ ಎತ್ತಿದ್ದು ಹೆಂಗಸಿನ ದನಿ.

"ಅವ್ರು ತ್ವಾಟದ ತಾವ ಹೋಗವ್ರೆ ಅಣ್ಣ, ಫೋನ್ ಇಲ್ಲೇ ಬಿಟ್ಟವ್ರೆ. ಏನಾರ ಹೇಳ್ಬೇಕಿತ್ತಾ?"

ಏನಿಲ್ಲಮ್ಮ, ಆಮೇಲೆ ಮಾಡ್ತೀನಿ ಅಂದೆ.

"ಸಿಸ್ಟನ್ ವಿಷ್ಯನಾ? ಮೋಟ್ರು ಸುಟ್ಟಿಲ್ಲ ಅಣ್ಣ, ಎಲ್ರೂ ಅಂಗೇ ಅಂತಾರೆ. ತಳ ಬಿರುಕು ಬಿಟ್ಟೈತೆ, ತುಂಬ್ಸಿದ್ ನೀರೆಲ್ಲ ರಾತ್ರಿಗೇ ಸೋರೋಗ್ತೈತೆ. ನಾನೇ ಏಣಿ ಹತ್ತಿ ನೋಡ್ಬಂದೆ. ಪಿಡಿಒಗೆ ಎರಡ್ ಸಲ ಬರ್ಕೊಟ್ಟಿದೀನಿ, ಮೂರ್ನೇದು ತಾಲ್ಲೂಕಿಗೆ ಕೊಟ್ಟಿದೀನಿ. ಕಾಪಿ ಐತೆ, ವಾಟ್ಸಾಪ್ ಮಾಡ್ಲಾ?"

ಮಾಡಮ್ಮ ಅಂದೆ. ಎರಡು ನಿಮಿಷಕ್ಕೆ ಫೋಟೋ ಬಂತು. ಗೆರೆ ಹಾಳೆ, ನೀಲಿ ಇಂಕು, ದುಂಡಗಿನ ಅಕ್ಷರ. ತಾರೀಕು ನೋಡಿದೆ. ಮೊದಲನೆಯದು ನಾನು ಅರಳಿಕಟ್ಟೆ ಹತ್ತಿರ ಕೇಳುವುದಕ್ಕೆ ಒಂಬತ್ತು ದಿನ ಮುಂಚೆ ಬರೆದದ್ದು. ಕೆಳಗೆ ಗ್ರಾಮ ಪಂಚಾಯಿತಿ ಸದಸ್ಯರು ಅಂತ ಸೀಲು, ಅದರ ಮೇಲೆ ಸಹಿ. ಆಕೆಯ ಹೆಸರು ನನಗೆ ಗೊತ್ತಾದದ್ದು ಆಗಲೇ.